ಹೊಸ ತೊಟ್ಟಿಗೆ ಹಳೆಯ ಹೆಪ್ಪು

(ಬಾನುಲಿ ಭಾಷಣ)

ಮತ್ಸ್ಯಾವತಾರದ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ತರ್ಪಣಕ್ಕೆಂದು ಮನು ಬೊಗಸೆಯಲ್ಲಿ ನೀರೆತ್ತಿಕೊಂಡಾಗ ಮರಿಮೀನೊಂದು ಅದರೊಳಗೆ ಬಂದು ಬಿದ್ದಿತು. ತನ್ನನ್ನು ಕಾಪಾಡಬೇಕೆಂದು ಬೇಡಿತು. ಮನು ಅದನ್ನು ಕಮಂಡಲುವಿನಲ್ಲಿ ಬಿಟ್ಟನು. ಮೀನು ಬೆಳೆಯಿತು; ಕಮಂಡಲು ಸಾಲದಾಯಿತು. ಗುಡಾಣಕ್ಕೆ ಬಿಟ್ಟನು, ಗುಡಾಣವೂ ಸಾಲದಾಯಿತು. ಬಾವಿ, ಕೆರೆ, ಗಂಗೆ ಒಂದೊಂದೂ ಸಾಲದೆ ಕಟ್ಟಕಡೆಗೆ ಸಮುದ್ರವೇ ಬೇಕಾಯಿತು. ಗ್ರಂಥದಿಂದ ಗ್ರಂಥಕ್ಕೆ ಈ ಕಥೆಯ ವಿವರಗಳು ಅಲ್ಪಸ್ವಲ್ಪ ಬೇರೆಯಾದರೂ, ಬೆಳೆಯುವ ಮೀನನ್ನು ಕಿರಿಯ ಪಾತ್ರೆಯಿಂದ ಹಿರಿಯ ಪಾತ್ರೆಗೆ ಸಾಗಿಸುವ ಕೆಲಸ ಎಲ್ಲದರಲ್ಲಿಯೂ ಇದ್ದೇ ಇದೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರಿಗೆಲ್ಲ ಮನುವೇ ಮೂಲಪುರುಷನೆಂದರೆ ತಪ್ಪಾಗಲಾರದು.

ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನಿಗೆ ಮೀನಿನ ಗೊಡವೆ ಏಕೆಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನೇ ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದು ಒಂದು ಪ್ರಕರಣವನ್ನು ಮೀಸಲಿಟ್ಟು, ಮೀನಿನ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರವನ್ನೂ ವಿವರಿಸಿದ್ದಾನೆ. ಅವನದು ಗಾಳ ಹಾಕಿ ಹಿಡಿಯುವ ವಿನೋದ. ನಮ್ಮದು ಕೈಗೆ ಬಂದುದನ್ನು ಉಳಿಸಿಕೊಳ್ಳುವ ವಿನೋದ. ಎರಡನೆಯದೇ ಹೆಚ್ಚು ಕಷ್ಟವೆಂದು ನನಗೆ ತೋರುತ್ತದೆ.

ಮನುವಿನ ಕೈಯಲ್ಲಿ ಸಾಯದ ಮೀನು ನಮ್ಮ ಕೈಯಲ್ಲಿ ಏಕೆ ಸಾಯುತ್ತದೆ? ಅವತಾರಪುರುಷನಿಗೆ ಸಾವೆಲ್ಲಿ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಬಾವಿ, ಕೆರೆ, ಹೊಳೆಗಳು ಆಗಲೇ ಜೀವ ನೆಲೆಸಿದ್ದ ನೀರು. ತಳದ ಕೆಸರು, ದಂಡೆಯ ಕಲ್ಲು, ಪಾಚಿ, ಗಿಡಗಂಟಿ ಎಲ್ಲವೂ ಒಂದು ದೊಡ್ಡ ಸಂಸಾರವಾಗಿ ನಡೆದುಕೊಂಡು ಬಂದಿದ್ದ ಜಾಗ. ಮೀನು ಅಲ್ಲಿಗೆ ಹೋದದ್ದು ತುಂಬಿದ ಮನೆಗೆ ಹೋದಂತೆ. ನಾವಾದರೋ ಅಂಗಡಿಯಿಂದ ಹೊಸ ಗಾಜಿನ ಪೆಟ್ಟಿಗೆಯನ್ನು ತರುತ್ತೇವೆ, ಥಳಥಳನೆ ತೊಳೆಯುತ್ತೇವೆ, ನಲ್ಲಿಯ ನೀರು ತುಂಬುತ್ತೇವೆ, ಮೀನನ್ನು ಬಿಡುತ್ತೇವೆ. ಅದು ಪಾಳು ಮನೆ. ಆ ಪಾಳು ಎಷ್ಟು ಶುಭ್ರವೋ ಅಷ್ಟು ಅಪಾಯಕಾರಿ.

ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಸುಮಾರು ನಲವತ್ತು ಲೀಟರಿನ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್ ಫಿಶ್ ಮೀನುಗಳು ಎರಡು ವರ್ಷ ಸುಖವಾಗಿದ್ದವು. ಮೀನು ದೊಡ್ಡದಾದವು, ಪಾಪ, ಇಕ್ಕಟ್ಟಾಗುತ್ತಿದೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಮನೆಯವರು ನೂರ ಅರವತ್ತು ಲೀಟರಿನ ತೊಟ್ಟಿಯನ್ನು ತಂದರು. ಹಳೆಯ ಜಲ್ಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಹರಡಿದರು. ಹಳೆಯ ಫಿಲ್ಟರಿನ ಸ್ಪಂಜು ಕಂದುಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ಅದನ್ನು ಕಸಕ್ಕೆ ಎಸೆದು ಹೊಸ ಫಿಲ್ಟರನ್ನು ಕೂರಿಸಿದರು. ಎರಡು ದಿನ ಮನೆಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಉಸಿರಿಗೆ ಒದ್ದಾಡತೊಡಗಿದವು. ಮನೆಯ ಅಜ್ಜಿ, ನೋಡಿದವರ ಕಣ್ಣು ತಾಗಿತು ಎಂದರು. ಎಂಟು ವರ್ಷದ ಮೊಮ್ಮಗಳು ನನ್ನ ಬಳಿಗೆ ಓಡಿಬಂದು ಕೇಳಿದ ಪ್ರಶ್ನೆ ಬೇರೆ: “ತಾತ, ನೀರು ಕನ್ನಡಿಯ ಹಾಗಿದೆ. ಹಳೆಯ ನೀರೇ ಮಂಕಾಗಿತ್ತು. ಆದರೂ ಮೀನಿಗೆ ಇದು ಯಾಕೆ ಸೇರುತ್ತಿಲ್ಲ?”

ಆ ಮಗುವಿನ ಪ್ರಶ್ನೆಗೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ.

ಮೀನು ತಿಂದ ಆಹಾರದ ಪ್ರೋಟೀನು ಮೈಯಲ್ಲಿ ಕರಗಿದಾಗ ಅಮೋನಿಯಾ ಉಳಿಯುತ್ತದೆ. ನಮ್ಮ ದೇಹ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮೀನಿಗೆ ಅಷ್ಟು ಶ್ರಮ ಬೇಡ. ಸುತ್ತಲೂ ನೀರಿರುವುದರಿಂದ ಅಮೋನಿಯಾದ ಬಹುಪಾಲನ್ನು ಕಿವಿರುಗಳ ಮೂಲಕವೇ ಹೊರಗೆ ಬಿಡುತ್ತದೆ. ಹಿಕ್ಕೆಯೂ ತಿನ್ನದೆ ಬಿಟ್ಟ ಆಹಾರವೂ ಕೊಳೆತು ಇನ್ನಷ್ಟನ್ನು ಸೇರಿಸುತ್ತವೆ. ಹೊಳೆಯಲ್ಲಿ ಅದು ಕೊಚ್ಚಿಹೋಗುತ್ತದೆ. ನಾಲ್ಕು ಗಾಜಿನ ಗೋಡೆಗಳ ನಡುವೆ ಎಲ್ಲಿಗೆ ಹೋಗಬೇಕು? ಹೊರಗೆ ಅಮೋನಿಯಾ ಹೆಚ್ಚಾದರೆ ಒಳಗಿನದು ಹೊರಬರಲಾರದು. ಕಿವಿರು ಉರಿದು ಕೆಂಪೇರುತ್ತದೆ. ಮೀನು ತನ್ನ ವಿಷದಿಂದಲೇ ತಾನು ಸಾಯುತ್ತದೆ. ಕಣ್ಣಿಗೆ ನೀರು ತಿಳಿಯಾಗಿಯೇ ಇರುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ.

ನೀರಿನಲ್ಲಿ ಈ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು, ತೀವ್ರ ವಿಷವಾದ ಅಮೋನಿಯಾ; ಇನ್ನೊಂದು, ಬಹುಮಟ್ಟಿಗೆ ಸಾಧುವಾದ ಅಮೋನಿಯಂ. ಯಾವುದು ಎಷ್ಟೆಂಬುದನ್ನು ನೀರಿನ ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ ೭ ಇರುವ ನೀರಿನಲ್ಲಿ ಸಾವಿರಕ್ಕೆ ಸುಮಾರು ಆರು ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ ೮ಕ್ಕೆ ಏರಿದರೆ ಅದು ನೂರಕ್ಕೆ ಐದು ಪಾಲನ್ನು ಮೀರುತ್ತದೆ. ೯ಕ್ಕೆ ಏರಿದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗುತ್ತದೆ. ಒಂದೇ ಪ್ರಮಾಣದ ಅಮೋನಿಯಾ ಒಂದು ಮನೆಯಲ್ಲಿ ನಿರುಪದ್ರವಿಯಾಗಿ ಇನ್ನೊಂದು ಮನೆಯಲ್ಲಿ ಮೃತ್ಯುವಾಗುವುದರ ಗುಟ್ಟು ಇದು.

ಹಾಗಾದರೆ ಹಳೆಯ ತೊಟ್ಟಿಯಲ್ಲಿ ಎರಡು ವರ್ಷ ಈ ವಿಷವನ್ನು ಕಳೆಯುತ್ತಿದ್ದವರು ಯಾರು?

ಇದರ ಹಿಂದೆ ಒಂದು ಸ್ವಾರಸ್ಯದ ವಂಶಕಥೆಯಿದೆ. ೧೮೫೦ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞನು, ಗಾಜಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗಿರಿಸಿ, ಅವು ಒಂದನ್ನೊಂದು ಹೇಗೆ ಸಾಕುತ್ತವೆಂಬುದನ್ನು ಅಲ್ಲಿನ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದನು. ಗಿಡ ಆಮ್ಲಜನಕವನ್ನು ಕೊಡುತ್ತದೆ, ಮೀನು ಇಂಗಾಲಾಮ್ಲವನ್ನು ಕೊಡುತ್ತದೆ, ಹುಳು ಕೊಳೆತ ಎಲೆಯನ್ನು ತಿನ್ನುತ್ತದೆ ಎಂಬ ಈ ತೂಕವೇ ಮುಂದೆ ಮನೆಯ ಮತ್ಸ್ಯಾಲಯಗಳ ಗೀಳಿಗೆ ತಳಹದಿಯಾಯಿತು. ಆದರೆ ಅವನ ಲೆಕ್ಕದಲ್ಲಿ ಕಾಣದ ಕೆಲಸಗಾರರು ಸೇರಿರಲಿಲ್ಲ. ಅವರ ಬೆನ್ನು ಹತ್ತಿದವರಲ್ಲಿ ಒಬ್ಬನು ಅವನ ಮಗನೇ. ತಂದೆಯ ಹೆಸರನ್ನೇ ಹೊತ್ತ ಕಿರಿಯ ವಾರಿಂಗ್‌ಟನ್, ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ ಕೆಲಸ ಮಾಡಿ, ಮಣ್ಣಿನಲ್ಲಿ ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆಂದೂ ಈ ಎರಡು ಹಂತಗಳನ್ನು ಬೇರೆ ಬೇರೆ ಜೀವಿಗಳು ನಡೆಸುತ್ತವೆಂದೂ ತೋರಿಸಿದನು. ೧೮೯೦ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು.

ಅದಕ್ಕೂ ಮೊದಲು, ೧೮೭೭ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದ್ದರು. ಮೀನು ಸಾಕುವವನು ಮನೆಯ ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಪ್ರಯೋಗ ಅದು. ಮರಳೂ ಸುಣ್ಣಕಲ್ಲೂ ತುಂಬಿದ ಉದ್ದನೆಯ ಕೊಳವೆಯ ಮೂಲಕ ಅವರು ಚರಂಡಿಯ ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಅಮೋನಿಯಾ ಒಳಗೆ ಹೋದ ಹಾಗೆಯೇ ಹೊರಗೆ ಬಂದಿತು. ಆಮೇಲೆ ಅದು ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರ್ಮ್ ಬೆರೆಸಿದೊಡನೆ ಕೆಲಸ ನಿಂತುಹೋಯಿತು. ಕ್ಲೋರೋಫಾರ್ಮನ್ನು ತೆಗೆದುಬಿಟ್ಟು, ಮಣ್ಣನ್ನು ಕದಡಿದ ಬಗ್ಗಡವನ್ನು ಸ್ವಲ್ಪ ಹಾಕಿದಾಗ ಅದು ಮತ್ತೆ ಚಿಗುರಿತು. ಕೆಲಸ ಮಾಡುತ್ತಿದ್ದುದು ಮರಳಲ್ಲ, ಮರಳಿಗೆ ಅಂಟಿಕೊಂಡ ಜೀವ ಎಂಬುದು ಹೀಗೆ ಸಿದ್ಧವಾಯಿತು. ಆ ಇಪ್ಪತ್ತು ದಿನಗಳ ಕಾಯುವಿಕೆಯನ್ನು ನೆನಪಿಡಿ. ಹೊಸ ತೊಟ್ಟಿಯೂ ಅಷ್ಟೇ ಕಾಯಿಸುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ವ್ಯತ್ಯಾಸವೆಂದರೆ ಅವರ ಕೊಳವೆಯಲ್ಲಿ ಮೀನು ಇರಲಿಲ್ಲ.

ಈ ಕೆಲಸಗಾರರ ಪಟ್ಟಿ ಈಚೆಗೆ ಇನ್ನೂ ಬೆಳೆದಿದೆ. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ನೈಟ್ರೇಟ್ ಮಾಡುವುದು ಪುಸ್ತಕಗಳು ಹೇಳುತ್ತಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾದ ಬಳಗ ಎಂಬುದು ೧೯೯೮ರಲ್ಲಿ ಪ್ರಕಟವಾಯಿತು. ೨೦೦೫ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯವೊಂದರಿಂದ, ಬ್ಯಾಕ್ಟೀರಿಯಾ ಅಲ್ಲದ ಆರ್ಕಿಯಾ ಎಂಬ ಪ್ರಾಚೀನ ಕುಲದ ಜೀವಿಯೊಂದು ಇದೇ ಕಾಯಕ ಮಾಡುವುದು ಪತ್ತೆಯಾಯಿತು. ಎರಡೂ ಹಂತಗಳನ್ನು ಒಬ್ಬನೇ ಮುಗಿಸುವ ಜೀವಿಯೂ ಇದೆಯೆಂದು ೨೦೧೫ರಲ್ಲಿ ಎರಡು ತಂಡಗಳು ಸಾರಿದವು. ಅವುಗಳಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಶೋಧಕದಲ್ಲಿ. ಹೆಸರುಗಳು ಬದಲಾಗಲಿ, ನಮಗೆ ಬೇಕಾದ ತಿರುಳು ಬದಲಾಗಿಲ್ಲ. ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಪೆಟ್ಲುಪ್ಪು ಬೆಳ್ಳಗೆ ಹೂತುಕೊಳ್ಳುವುದೂ ಗದ್ದೆಗೆ ಹಾಕಿದ ಗೊಬ್ಬರದ ಅಮೋನಿಯಾ ನೈಟ್ರೇಟ್ ಆಗುವುದೂ ಇಂಥವರಿಂದಲೇ.

ಈಗ ಮುಖ್ಯವಾದ ಮಾತಿಗೆ ಬರೋಣ. ಈ ಜೀವಿಗಳು ವಾಸಿಸುವುದು ಎಲ್ಲಿ? ನೀರಿನಲ್ಲಿ ತೇಲಿಕೊಂಡಿರುವವು ಅತ್ಯಲ್ಪ. ಅವು ನೆಲೆ ನಿಲ್ಲುವುದು ಮೇಲ್ಮೈಗಳಲ್ಲಿ. ಆಮ್ಲಜನಕ ತುಂಬಿದ ನೀರು ಸದಾ ಹರಿಯುವ ಫಿಲ್ಟರಿನ ಸ್ಪಂಜಿನಲ್ಲಿ, ಮಣ್ಣಿನ ಬಿಲ್ಲೆಗಳಲ್ಲಿ, ಜಲ್ಲಿಯ ಮೇಲೆ. ನಾವು ಕೊಳೆಯೆಂದು ಮೂಗು ಮುರಿಯುವ ಆ ಕಂದು ಲೋಳೆಯೇ ಅವುಗಳ ಊರು. ಹಳೆಯ ನೀರನ್ನು ತೀರ್ಥದಂತೆ ಬಿಂದಿಗೆ ಬಿಂದಿಗೆಯಾಗಿ ಹೊತ್ತು ತಂದು, ಸ್ಪಂಜನ್ನು ಕಸಕ್ಕೆ ಹಾಕುವವರು ಊರನ್ನು ಸುಟ್ಟು ಊರ ಬಾಗಿಲನ್ನು ಉಳಿಸಿಕೊಂಡ ಹಾಗೆ.

ದೊಡ್ಡ ತೊಟ್ಟಿಯಲ್ಲಿ ನೀರು ಹೆಚ್ಚು, ಆದ್ದರಿಂದ ವಿಷ ತೆಳುವಾಗುವುದಲ್ಲವೇ ಎಂದು ಕೇಳಬಹುದು. ಆಗುತ್ತದೆ, ಆದರೆ ಅದು ವಾಯಿದೆಯನ್ನು ಮುಂದೂಡಿದಂತೆಯೇ ಹೊರತು ಸಾಲ ತೀರಿದಂತಲ್ಲ. ಒಂದು ಗ್ರಾಂ ಮೀನಿನ ಆಹಾರದಿಂದ ಸುಮಾರು ೩೦ ಮಿಲಿಗ್ರಾಂ ಅಮೋನಿಯಾ ಸಾರಜನಕ ಹೊರಬೀಳುತ್ತದೆಂಬುದು ಮೀನು ಸಾಕಣೆಯವರ ಸ್ಥೂಲ ಲೆಕ್ಕ. ನಮ್ಮ ನೆರೆಮನೆಯ ನಾಲ್ಕು ಮೀನುಗಳಿಗೆ ದಿನಕ್ಕೆ ಎರಡು ಗ್ರಾಂ ಆಹಾರವೆಂದಿಟ್ಟುಕೊಳ್ಳಿ: ೬೦ ಮಿಲಿಗ್ರಾಂ. ೧೬೦ ಲೀಟರಿನಲ್ಲಿ ಅದು ಲೀಟರಿಗೆ ೦.೩೮ ಮಿಲಿಗ್ರಾಮಿನಷ್ಟಾಗುತ್ತದೆ, ಮೂರು ದಿನಕ್ಕೆ ೧.೧. ನೀರಿನ ಪಿಎಚ್ ೮ ಇದ್ದರೆ, ಅದರಲ್ಲಿ ವಿಷರೂಪದ್ದು ಸುಮಾರು ೦.೦೬ ಮಿಲಿಗ್ರಾಂ. ಸಾಮಾನ್ಯವಾಗಿ ಹೇಳುವ ಮಿತಿ ೦.೦೨. ಮೂರನೆಯ ದಿನ ಮೀನು ಬಾಯಿ ತೆರೆದದ್ದು ಕಣ್ಣು ತಾಗಿದ್ದರಿಂದಲ್ಲ. ಇದು ಕೂಡುವ ಗುಣಿಸುವ ಲೆಕ್ಕ.

ಇದೇ ಲೆಕ್ಕದ ಇನ್ನೊಂದು ಮುಖ ನಮಗೆ ಧೈರ್ಯ ಕೊಡುತ್ತದೆ. ಸೂಕ್ಷ್ಮಜೀವಿಗಳ ಸಂಖ್ಯೆ ನಿಂತಿರುವುದು ತೊಟ್ಟಿಯ ಗಾತ್ರದ ಮೇಲಲ್ಲ, ದಿನದಿನವೂ ಹುಟ್ಟುವ ಅಮೋನಿಯಾದ ಮೇಲೆ. ಅದೇ ನಾಲ್ಕು ಮೀನು, ಅದೇ ಎರಡು ಗ್ರಾಂ ಆಹಾರವಾದರೆ, ಹಳೆಯ ಫಿಲ್ಟರಿನಲ್ಲಿದ್ದಷ್ಟೇ ಕೆಲಸಗಾರರು ಹೊಸ ತೊಟ್ಟಿಗೂ ಸಾಕು. ಹೊಸಬರನ್ನು ಹುಟ್ಟಿಸಬೇಕಾಗಿಲ್ಲ, ಇರುವವರನ್ನು ಜೀವಂತವಾಗಿ ಕರೆದುಕೊಂಡು ಹೋದರೆ ಆಯಿತು.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸ ಹಾಲಿಗೆ ಹಳೆಯ ಮೊಸರಿನ ಹೆಪ್ಪು ಹಾಕದೆ ಮೊಸರಾಗದೆಂಬುದು ಅಡುಗೆಮನೆಯ ಮೊದಲ ಪಾಠ. ಆದರೆ ಒಂದು ಭೇದವುಂಟು. ಮೊಸರಿನ ಜೀವಿಗಳು ಗಂಟೆಗಳಲ್ಲಿ ಇಮ್ಮಡಿಸುತ್ತವೆ. ಒಂದು ಚಮಚೆ ಹೆಪ್ಪು ರಾತ್ರಿ ಕಳೆಯುವುದರೊಳಗೆ ಪಾತ್ರೆ ತುಂಬ ಹೆಪ್ಪಾಗುತ್ತದೆ. ಅಮೋನಿಯಾ ತಿನ್ನುವವು ಆಮೆಯ ನಡಿಗೆಯವು. ಒಮ್ಮೆ ಇಮ್ಮಡಿಸಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆದ್ದರಿಂದ ಇಲ್ಲಿ ಚಮಚೆಯ ಹೆಪ್ಪು ಸಾಲದು, ಕುಡಿಕೆಯನ್ನೇ ಸಾಗಿಸಬೇಕು.

ಕ್ರಮ ಹೀಗೆ. ದೊಡ್ಡ ತೊಟ್ಟಿಯ ಹೊಸ ಫಿಲ್ಟರನ್ನು ಸಾಗಿಸುವ ದಿನಕ್ಕೆ ನಾಲ್ಕು ವಾರ ಮೊದಲೇ ಹಳೆಯ ತೊಟ್ಟಿಯಲ್ಲಿ, ಹಳೆಯದರ ಪಕ್ಕದಲ್ಲಿ ಓಡಿಸಿ. ಊರಿನವರು ಮೆಲ್ಲನೆ ಹೊಸ ಬಡಾವಣೆಗೆ ಹಬ್ಬುತ್ತಾರೆ. ಸಾಗಿಸುವ ಹಿಂದಿನ ದಿನ ಮೀನಿಗೆ ಉಪವಾಸ. ಹೊಸ ತೊಟ್ಟಿಯ ನೀರಿನಿಂದ ಕ್ಲೋರಿನನ್ನು ಮೊದಲೇ ನೀಗಿಸಬೇಕು; ನಮ್ಮ ಊರುಗಳ ನಲ್ಲಿಯ ನೀರಿಗೆ ಕ್ಲೋರಿನ್ ಸೇರಿಸುವುದು ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ಅಲ್ಲವೇ? ಅದಕ್ಕೆ ನಮ್ಮವು ಬೇರೆ, ಪರರವು ಬೇರೆ ಎಂಬ ಭೇದವಿಲ್ಲ. ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೊಸಲ್ಫೇಟ್, ಅದನ್ನು ನೀಗಿಸುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕಗಳಲ್ಲಿ ಹಲವಕ್ಕೆ ಅದೇ ಆಧಾರ. ಎರಡು ತೊಟ್ಟಿಗಳ ಉಷ್ಣತೆ ಒಂದೇ ಇರಲಿ. ಹಳೆಯ ಫಿಲ್ಟರಿನ ಸ್ಪಂಜನ್ನೂ ಬಿಲ್ಲೆಗಳನ್ನೂ ಹಳೆಯ ತೊಟ್ಟಿಯ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಯೇ ಒಯ್ಯಿರಿ. ಒಣಗಿದರೂ ಸತ್ತವು, ನೀರು ಹರಿಯದೆ ಗಂಟೆಗಟ್ಟಲೆ ನಿಂತರೂ ಉಸಿರುಕಟ್ಟಿದವು. ಸ್ಪಂಜು ತೀರ ಕಟ್ಟಿಕೊಂಡಿದ್ದರೆ ಆ ಬಕೆಟ್ಟಿನಲ್ಲಿಯೇ ಒಂದೆರಡು ಸಲ ಹಿಂಡಿ, ನಲ್ಲಿಯ ಕೆಳಗೆ ಮಾತ್ರ ಬೇಡ. ಹೊಸ ತೊಟ್ಟಿಯಲ್ಲಿ ಹಳೆಯದೂ ಹೊಸದೂ ಎರಡೂ ಫಿಲ್ಟರುಗಳು ಒಂದು ತಿಂಗಳಾದರೂ ಜೊತೆಯಾಗಿ ಓಡಲಿ.

ಮೀನು ಬಿಟ್ಟ ಮೊದಲ ವಾರ ಆಹಾರ ಅರ್ಧ. ತಿಂದಷ್ಟೂ ಅಮೋನಿಯಾ, ಎರಡು ಮೂರು ದಿನ ಉಪವಾಸವಿದ್ದರೆ ಆರೋಗ್ಯವಾದ ದೊಡ್ಡ ಗೋಲ್ಡ್ ಫಿಶ್ ಸಾಯುವುದಿಲ್ಲ. ಅಂತರಗಂಗೆಯಂಥ ತೇಲುಗಿಡವಿದ್ದರೆ ಅದೂ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಜಾಗ ದೊಡ್ಡದಾಯಿತಲ್ಲ ಎಂದು ಅದೇ ವಾರ ಹತ್ತು ಹೊಸ ಮೀನು ತರುವುದು ಮಾತ್ರ ಕೂಡದು. ನಾಲ್ವರ ಅಡುಗೆಗೆ ಹತ್ತು ಮಂದಿ ನೆಂಟರನ್ನು ಕರೆದಂತೆ ಆಗುತ್ತದೆ. ಒಂದು ಎರಡಾಗಿ, ವಾರಗಳ ಅಂತರದಲ್ಲಿ ಬರಲಿ.

ಇನ್ನೊಂದು ಎಚ್ಚರಿಕೆ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿ ಮೆಲ್ಲನೆ ಆಮ್ಲೀಯವಾಗಿ, ಅದರಲ್ಲಿ ಕೆಲಸಗಾರರು ಜಡವಾಗಿ, ಸಾಧುರೂಪದ ಅಮೋನಿಯಂ ಸದ್ದಿಲ್ಲದೆ ಶೇಖರವಾಗಿರುತ್ತದೆ. ಅಂಥ ನೀರನ್ನು ಕ್ಷಾರೀಯವಾದ ಕೊಳವೆಬಾವಿಯ ನೀರಿಗೆ ಬೆರೆಸಿದೊಡನೆ ಆ ಸಾಧು ವೇಷ ಕಳಚುತ್ತದೆ, ಗಳಿಗೆಯೊಳಗೆ ವಿಷವಾಗುತ್ತದೆ. ಅಂಥ ತೊಟ್ಟಿಯಿರುವವರು ಸಾಗಿಸುವುದಕ್ಕೆ ಎರಡು ಮೂರು ವಾರ ಮೊದಲಿನಿಂದ, ಪ್ರತಿಸಲವೂ ಹತ್ತರಲ್ಲಿ ಒಂದು ಪಾಲಿನಂತೆ ನೀರು ಬದಲಿಸಿ, ಹಳೆಯದನ್ನು ಹೊಸದಕ್ಕೆ ಒಗ್ಗಿಸಿಕೊಳ್ಳಬೇಕು; ಹಳೆಯ ನೀರನ್ನು ಹೊಸ ತೊಟ್ಟಿಗೆ ಸುರಿಯಬಾರದು.

ಇಷ್ಟಾಗಿಯೂ ಅಮೋನಿಯಾ ಏರಿದರೆ ಹೇಗೆ ತಿಳಿಯುವುದು? ಕಣ್ಣನ್ನು ನಂಬಬೇಡಿ, ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಸರಂಜಾಮು ಅಂಗಡಿಯಲ್ಲಿ ಸಿಗುತ್ತದೆ. ಮೊದಲ ಎರಡು ವಾರ ದಿನವೂ, ಆಮೇಲೆ ಎರಡು ದಿನಕ್ಕೊಮ್ಮೆ ನೋಡಿ. ಅಮೋನಿಯಾ ಕಂಡರೆ ಆಹಾರ ನಿಲ್ಲಿಸಿ, ಗಾಳಿಯ ಪಂಪನ್ನು ಜೋರು ಮಾಡಿ, ಕ್ಲೋರಿನ್ ನೀಗಿಸಿದ ನೀರಿನಿಂದ ಮೂರನೆಯ ಒಂದು ಭಾಗವನ್ನು ಬದಲಿಸಿ. ಅಗತ್ಯವಿದ್ದರೆ ಮರುದಿನವೂ ಬದಲಿಸಿ. ಅಮೋನಿಯಾ ಇಳಿದ ಮೇಲೆ ನೈಟ್ರೈಟ್ ಏರಬಹುದು. ಅದು ಮೀನಿನ ರಕ್ತವನ್ನು ಕಂದಾಗಿಸಿ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಗೋಲ್ಡ್ ಫಿಶ್‌ಗಳ ತೊಟ್ಟಿಯಾದರೆ ಲೀಟರಿಗೆ ಒಂದು ಗ್ರಾಮಿನಂತೆ ಉಪ್ಪು ಹಾಕಿದರೆ, ಅದರ ಕ್ಲೋರೈಡು ನೈಟ್ರೈಟ್ ಕಿವಿರಿನೊಳಗೆ ನುಗ್ಗುವುದನ್ನು ತಡೆಯುತ್ತದೆ.

ನೆರೆಮನೆಯ ನಾಲ್ಕು ಮೀನುಗಳಲ್ಲಿ ಎರಡು ಆ ರಾತ್ರಿಯೇ ಸತ್ತವು. ಉಳಿದೆರಡಕ್ಕಾಗಿ ಅರ್ಧ ನೀರು ಬದಲಿಸಿದೆವು. ರೋಗರುಜಿನವಿಲ್ಲದ ನಮ್ಮ ಮನೆಯ ತೊಟ್ಟಿಯಿಂದ ಲೋಳೆಗಟ್ಟಿದ ಸ್ಪಂಜೊಂದನ್ನು ಬಕೆಟ್ಟಿನಲ್ಲಿ ಒಯ್ದು ಅವರ ಫಿಲ್ಟರಿಗೆ ಸೇರಿಸಿದೆವು. ಕಾಂಪೌಂಡಿನ ಮೇಲಿಂದ ಮೊಸರಿನ ಹೆಪ್ಪು ಕೊಟ್ಟು ತೆಗೆದುಕೊಳ್ಳುವ ಬಳಕೆ ನಮ್ಮ ಎರಡು ಮನೆಗಳಿಗೂ ಮೊದಲಿನಿಂದ ಇತ್ತು. ಅಜ್ಜಿಗೆ ಹಾಗೆ ಹೇಳಿದ ಕೂಡಲೇ ವಿಷಯ ಅರ್ಥವಾಯಿತು. ಎಂಟು ದಿನಗಳಲ್ಲಿ ಅಮೋನಿಯಾ ಇಳಿಯಿತು. ಆ ಎರಡು ಮೀನುಗಳು ಬದುಕಿದವು.

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುತ್ತದೆಂಬುದು ನಮ್ಮ ಗಾದೆ. ಹೊಳೆಯ ಮಟ್ಟಿಗೆ ಅದು ನಿಜ. ಹೊಳೆಯ ಕಲ್ಲುಗಳಿಗೆ ಅಂಟಿದ ಜೀವ ಮಾತ್ರ ಕೊಚ್ಚಿಹೋಗುವುದಿಲ್ಲ. ಅದು ಅಲ್ಲಿಯೇ ನಿಂತು ಬಂದ ನೀರನ್ನೆಲ್ಲ ತಿದ್ದುತ್ತಿರುತ್ತದೆ. ಅದಿರುವುದರಿಂದಲೇ ಹೊಸ ನೀರು ಮೀನಿಗೆ ನೀರಾಗುತ್ತದೆ. ನಿಮ್ಮ ಮನೆಯಲ್ಲಿ ಮೀನು ಬೆಳೆದು ತೊಟ್ಟಿ ಸಾಲದಾಗಿದ್ದರೆ ದೊಡ್ಡದನ್ನು ಅಗತ್ಯವಾಗಿ ತನ್ನಿ; ಗಾಜನ್ನು ಎಷ್ಟು ಬೇಕಾದರೂ ಉಜ್ಜಿ ತೊಳೆಯಿರಿ. ಆ ಕಂದು ಸ್ಪಂಜಿನ ಮೇಲೆ ಮಾತ್ರ ನಲ್ಲಿಯನ್ನು ತಿರುಗಿಸಬೇಡಿ.